ಬಗ್ಗಬಾರದ ಆರು ವಾರ

ಇವತ್ತಿಗೆ ಆಪರೇಷನ್ ಆಗಿ 33 ದಿನ. ಬಲಗಡೆಯ ಹಿಪ್ ರಿಪ್ಲೇಸ್‌ಮೆಂಟ್, ಅಂದ್ರೆ ತೊಡೆ ಸೊಂಟಕ್ಕೆ ಸೇರುವ ಕೀಲು ಬದಲಿಸಿದ್ದು. ಡೈನಿಂಗ್ ಟೇಬಲ್ ಹತ್ರ ಎತ್ತರದ ಕುರ್ಚಿಯಲ್ಲಿ ಕೂತು ಫೋನಲ್ಲೇ ಟೈಪ್ ಮಾಡ್ತಾ ಇದ್ದೇನೆ, ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೀಬೇಕು, ಹಾಗಾಗಿ ಒಂದೇ ಸಲ ಬರೆದು ಮುಗಿಸ್ಲಿಕ್ಕೆ ಆಗ್ಲಿಲ್ಲ, ಮೂರು ದಿನದಿಂದ ತುಂಡು ತುಂಡಾಗಿ ಬರೆದದ್ದು ಇದು. ಮುಂಬೈ ಹತ್ರದ ನಮ್ಮ ಡೊಂಬಿವಲಿಯಲ್ಲಿ ಮಳೆ ಬಿಡದೆ ಹೊಡೀತಾ ಉಂಟು, ಗ್ಯಾಲರಿಯಲ್ಲಿ ಒಣಗದ ಬಟ್ಟೆ ವಾಸನೆ, ಹೊರಗೆ ಹೋಗುವ ಪ್ರಶ್ನೆಯೇ ಇಲ್ಲ.

ಮೊದಲು ಶಬ್ದದ ತೊಂದರೆ ಹೇಳ್ತೇನೆ. ಊರಿಗೆ ಫೋನ್ ಮಾಡಿ ಸೊಂಟದ ಆಪರೇಷನ್ ಅಂದದ್ದೇ ತಡ, ಎಲ್ಲರೂ ಬೆನ್ನು ಅಂತಲೇ ತಿಳ್ಕೊಂಡ್ರು. ಒಬ್ಬರು ಡಿಸ್ಕ್ ಜಾರಿದ್ದಾ ಅಂತ ಕೇಳಿದ್ರು, ಇನ್ನೊಬ್ಬರು ಬೆನ್ನಿಗೆ ಹಚ್ಚುವ ಎಣ್ಣೆ ಹೆಸರು ಕಳಿಸಿದ್ರು. ತಪ್ಪು ಅವರದ್ದಲ್ಲ, ನಮ್ಮಲ್ಲಿ ಸೀರೆ ಸಿಕ್ಕಿಸುವ ಜಾಗದಿಂದ ಹಿಡಿದು ತೊಡೆ ಶುರುವಾಗುವ ತನಕ ಎಲ್ಲದಕ್ಕೂ ಸೊಂಟ ಅಂತಲೇ ಹೇಳುದು. ಪಕ್ಕದ ಮನೆಯ ಮರಾಠಿ ಕಾಕು ಮಾತ್ರ "ಖುಬಾ ಬದಲ್ಲಾ ಕಾ?" ಅಂತ ಒಂದೇ ಮಾತಲ್ಲಿ ಅರ್ಥ ಮಾಡ್ಕೊಂಡ್ರು, ಅವರಿಗೆ ಸೊಂಟಕ್ಕೆ ಕಂಬರ್ ಬೇರೆ, ತೊಡೆ ಸೇರುವ ಕೀಲಿಗೆ ಖುಬಾ ಬೇರೆ. ಕೆಳಗಿನ ಮನೆಯ ಅಂಕಲ್ ವಾಜಪೇಯಿಯವರಿಗೆ ಆಗಿತ್ತಲ್ಲ, ಅದೇ ತಾನೇ ಅಂದ್ರು. ಅವರದ್ದು ಮೊಣಕಾಲು, 2000ನೇ ಇಸವಿಯಲ್ಲಿ ನಮ್ಮ ಮುಂಬೈಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲೇ ಆದದ್ದು. ಮೊಣಕಾಲಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಉಂಟು ಅಂತ ನನಗೂ ಆಮೇಲೆ ಗೊತ್ತಾದದ್ದು. ಮೊಣಕಾಲು ಬದಲಿಸಿದವರಿಗೆ ಮಡಚಿ ಮಡಚಿ ಅಂತ ಫಿಸಿಯೋದವರು ಹಿಂದೆ ಬೀಳ್ತಾರೆ, ನೋವಾದ್ರೂ ಬಗ್ಗಿಸ್ಲೇಬೇಕು. ನನಗೆ ಹೇಳಿದ್ದು ಸರೀ ಉಲ್ಟಾ, ಆರು ವಾರ ಬಗ್ಗಬಾರದು.

ನನಗೆ ಇದು ಯಾಕೆ ಬಂತು ಅಂತ ತುಂಬಾ ಜನ ಕೇಳ್ತಾರೆ, ಬಿದ್ದದ್ದಾ ಅಂತ. ಬಿದ್ದದ್ದಲ್ಲ. 2021ರ ಏಪ್ರಿಲಲ್ಲಿ ಕೋವಿಡ್ ಜೋರಾಗಿ ಬಂದು 11 ದಿನ ಆಸ್ಪತ್ರೆಯಲ್ಲಿದ್ದೆ, ಆಕ್ಸಿಜನ್, ಸ್ಟೀರಾಯ್ಡ್ ಎಲ್ಲ ಕೊಟ್ಟು ಉಳಿಸಿದ್ರು. ಒಂದೂವರೆ ವರ್ಷ ಆದ ಮೇಲೆ ಬಲ ತೊಡೆಸಂದಲ್ಲಿ ಒಂಥರಾ ನೋವು ಶುರು ಆಯ್ತು, ಲೋಕಲ್ ಟ್ರೈನ್ ಹತ್ತುವಾಗ ಕಾಲು ಎತ್ತಿದ್ರೆ ಚುಚ್ಚುದು, ಆಮೇಲೆ ಅದೇ ನೋವು ತೊಡೆಯ ಮುಂದಿನಿಂದ ಮೊಣಕಾಲಿಗೆ ಇಳೀಲಿಕ್ಕೆ ಶುರು. ನಾನು ಮೊಣಕಾಲು ಅಂತಲೇ ನಂಬಿ ಒಂದು ವರ್ಷ ಮೊಣಕಾಲಿಗೆ ಮದ್ದು ಹಚ್ಚಿದೆ, ಎಕ್ಸ್‌ರೇಯಲ್ಲಿ ಮೊದಲು ಏನೂ ಕಾಣ್ಲಿಲ್ಲ, ಕೊನೆಗೆ ಎಮ್‌ಆರ್‌ಐ ಮಾಡಿದ ಮೇಲೆ ಎವಿಎನ್ ಅಂತ ಗೊತ್ತಾಯ್ತು. ತೊಡೆ ಎಲುಬಿನ ತುದಿಯಲ್ಲಿ ಚೆಂಡಿನ ಹಾಗಿರುವ ಗುಂಡು ಉಂಟಲ್ಲ, ಅದಕ್ಕೆ ರಕ್ತ ಹೋಗುದು ನಿಂತು, ಎಲುಬು ಒಳಗಿಂದಲೇ ಸಾಯ್ತಾ ಬಂದು, ಗುಂಡು ಕುಸಿಯುದು. ಸ್ಟೀರಾಯ್ಡಿನಿಂದ ಹೀಗೆ ಆಗುದುಂಟು ಅಂತ ಡಾಕ್ಟ್ರು ಹೇಳಿದ್ರು. ಅದರ ಮೇಲೆ ನನಗೆ ಸಿಟ್ಟಿಲ್ಲ, ಆ ಏಪ್ರಿಲಲ್ಲಿ ನನ್ನ ಪಕ್ಕದ ಬೆಡ್ಡಿನವರು ಮನೆಗೆ ಹೋಗ್ಲಿಲ್ಲ, ನಾನು ಹೋದೆ. ಆದ್ರೆ ತೊಡೆಸಂದಿನ ನೋವು ತಿಂಗಳುಗಟ್ಟಲೆ ಇದ್ದು ಎಕ್ಸ್‌ರೇ ಸರಿ ಉಂಟು ಅಂತ ಬಂದ್ರೆ ಅಲ್ಲಿಗೇ ಬಿಡಬೇಡಿ, ಇಷ್ಟು ಮಾತ್ರ ಗಟ್ಟಿಯಾಗಿ ಹೇಳ್ತೇನೆ.

ಐದನೇ ದಿನ ಡಿಸ್ಚಾರ್ಜ್. ಕ್ಯಾಬಿನ ಮುಂದಿನ ಸೀಟು ಪೂರ್ತಿ ಹಿಂದೆ ತಳ್ಳಿ, ಸೀಟಿನ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಹಾಸಿ, ಮೊದಲು ಬೆನ್ನು ಮಾಡಿ ಕೂತು, ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ ತಿರುಗಿಸುದು. ಚೀಲದ ಮೇಲೆ ಜಾರಿಕೊಂಡು ತಿರುಗ್ಲಿಕ್ಕೆ ಸುಲಭ ಆಗ್ತದೆ. ನಮ್ಮದು ಹಳೇ ಬಿಲ್ಡಿಂಗ್, ಎರಡನೇ ಮಾಳಿಗೆ, ಲಿಫ್ಟ್ ಇಲ್ಲ. ಸೊಸೈಟಿಯ ಹುಡುಗರು ಪ್ಲಾಸ್ಟಿಕ್ ಕುರ್ಚಿ ಹಿಡ್ಕೊಂಡು ಕೆಳಗೆ ನಿಂತಿದ್ರು, ಮೌಶಿ ಕೂತ್ಕೊಳ್ಳಿ ಎತ್ತಿಕೊಂಡು ಹೋಗ್ತೇವೆ ಅಂತ. ಒದ್ದೆ ಮೆಟ್ಟಿಲಲ್ಲಿ ಒಬ್ಬ ಜಾರಿದ್ರೂ ಕಥೆ ಮುಗೀತು ಅಂತ ನಾನು ಒಪ್ಲಿಲ್ಲ. ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು, ಇದನ್ನು ಆಸ್ಪತ್ರೆಯಲ್ಲಿ ಫಿಸಿಯೋ ಹುಡುಗಿ ಬಾಯಿಪಾಠ ಮಾಡಿಸಿದ್ಲು. ಎಡಗಾಲು ಮೇಲೆ, ಆಮೇಲೆ ಬಲಗಾಲು ಅದೇ ಮೆಟ್ಟಿಲಿಗೆ, ಒಂದು ಕೈ ಕಟಕಟೆಗೆ, ಇನ್ನೊಂದು ಕೈ ಇವರ ಭುಜಕ್ಕೆ. 34 ಮೆಟ್ಟಿಲು. ನಡುವಿನ ಲ್ಯಾಂಡಿಂಗಲ್ಲಿ ಎರಡು ಸಲ ನಿಂತೆ. ಹುಡುಗರು ಕುರ್ಚಿ ಹಿಡ್ಕೊಂಡು ಹಿಂದೆಯೇ ಬಂದ್ರು, ಬಾಗಿಲ ತನಕ.

ಮೇಲೆ ಬಂದು ಹತ್ತು ನಿಮಿಷಕ್ಕೆ ದೊಡ್ಡ ಪ್ರಶ್ನೆ ಎದುರಾಯ್ತು. ನಮ್ಮ ಕಮೋಡ್ ತಗ್ಗು. ಬಿಲ್ಲಿನ ಬಗ್ಗೆ ಮೂರು ಸಲ ಬಂದು ಹೇಳಿದ ಆಸ್ಪತ್ರೆಯವರು ಕಮೋಡಿನ ಬಗ್ಗೆ ಒಂದು ಸಲವೂ ಹೇಳ್ಲಿಲ್ಲ, ಆ ಬೇಜಾರು ನನಗೆ ಈಗಲೂ ಉಂಟು. ಇವರು ಆ ಮಳೆಯಲ್ಲೇ ಕೊಡೆ ಹಿಡ್ಕೊಂಡು ಸ್ಟೇಷನ್ ಹತ್ರದ ಸರ್ಜಿಕಲ್ ಶಾಪಿಗೆ ಓಡಿ, ಕಮೋಡಿನ ಮೇಲೆ ಕೂರಿಸಿ ಬಿಗಿಯುವ ಎತ್ತರದ ಸೀಟ್ ತಂದ್ರು, ಬರುವ ತನಕ ನಾನು ವಾಕರ್ ಹಿಡ್ಕೊಂಡು ನಿಂತೇ ಇದ್ದೆ. ದಯವಿಟ್ಟು ಯಾರಿಗಾದ್ರೂ ಈ ಆಪರೇಷನ್ ಇದ್ರೆ ಆಸ್ಪತ್ರೆಗೆ ಹೋಗುವ ಮೊದಲೇ ಮನೆಯಲ್ಲಿ ಟೇಪ್ ಹಿಡಿದು ಅಳೀರಿ. ನಿಂತಾಗ ಮೊಣಕಾಲಿನ ಹಿಂದಿನ ಮಡಿಕೆಯಿಂದ ನೆಲದ ತನಕ ನನಗೆ 17 ಇಂಚು, ಕೂರುವ ಜಾಗ ಯಾವುದೇ ಇರಲಿ ಅದಕ್ಕಿಂತ ಎರಡು ಮೂರು ಇಂಚು ಎತ್ತರ ಇರಬೇಕು, ಕೂತಾಗ ಮೊಣಕಾಲು ಸೊಂಟಕ್ಕಿಂತ ಕೆಳಗೆ ಇರಬೇಕು. ಸೋಫಾ ಮೆತ್ತಗಿದ್ದು ಒಳಗೆ ಹೋಗ್ತದೆ, ಅದು ಬೇಡವೇ ಬೇಡ. ಮಂಚದ ಕಾಲಿಗೆ ಮರದ ತುಂಡು ಕೊಟ್ಟು ಎತ್ತರ ಮಾಡಿಸಿದೆವು.

ಈ ಬಗ್ಗಬಾರದು ಅನ್ನುದರ ಲೆಕ್ಕ ಹೀಗೆ. ನನಗೆ ಹಿಂದಿನಿಂದ ಕೊಯ್ದು ಆಪರೇಷನ್ ಮಾಡಿದ್ದು. ಕೀಲಿನ ಹಿಂದೆ ಇರುವ ಸ್ನಾಯು, ಪೊರೆ ಎಲ್ಲ ಬಿಡಿಸಿ ಮತ್ತೆ ಹೊಲಿದಿರ್ತಾರೆ, ಅದು ಗಟ್ಟಿ ಆಗುವ ತನಕ ತೊಡೆ 90 ಡಿಗ್ರಿಗಿಂತ ಹೆಚ್ಚು ಮಡಚಿದ್ರೆ, ಕಾಲಿನ ಮೇಲೆ ಕಾಲು ಹಾಕಿದ್ರೆ, ಪಾದ ಒಳಗೆ ತಿರುಗಿಸಿದ್ರೆ, ಗುಂಡು ತಾನು ಕೂರುವ ಬಟ್ಟಲಿನಿಂದ ಹಿಂದಕ್ಕೆ ಜಾರಿ ಹೊರಗೆ ಬರುವ ಅಪಾಯ ಉಂಟು. ಮುಂದಿನಿಂದ ಮಾಡಿದವರಿಗೆ ನಿಯಮ ಬೇರೆ ಇರ್ತದೆ, ಹಾಗಾಗಿ ನಿಮ್ಮ ಡಾಕ್ಟ್ರು ಹೇಳಿದ್ದನ್ನೇ ಹಿಡೀರಿ, ನನ್ನದನ್ನಲ್ಲ.

ಬಗ್ಗಬಾರದು ಅಂತ ಹೇಳಿದ ಮೇಲೆಯೇ ಗೊತ್ತಾಗುದು ನಾವು ದಿನಕ್ಕೆ ಎಷ್ಟು ಬಗ್ತೇವೆ ಅಂತ. ತುಳಸಿಗೆ ನೀರು. ಕೆಳಗಿನ ಶೆಲ್ಫಿನ ಕುಕ್ಕರ್. ಬಿದ್ದ ಹೇರ್‌ಪಿನ್. ದೇವರ ಮುಂದೆ ಮಣೆ. ಎಂಟನೇ ದಿನ ಮಾತ್ರೆಯ ಸ್ಟ್ರಿಪ್ ಕೈಜಾರಿ ಮಂಚದ ಕೆಳಗೆ ಬಿತ್ತು, ನನ್ನ ಮೈ ತನ್ನಷ್ಟಕ್ಕೇ ಮುಂದಕ್ಕೆ ಹೋಯ್ತು, 61 ವರ್ಷದ ಅಭ್ಯಾಸ ಅದು, ತಲೆ ಬೇಡ ಅನ್ನುವ ಮೊದಲೇ ಕೈ ಅರ್ಧ ದಾರಿಗೆ ಹೋಗಿತ್ತು. ಹೇಗೋ ಮಂಚದ ಅಂಚು ಹಿಡಿದು ನಿಂತೆ. ಏನೂ ಆಗ್ಲಿಲ್ಲ, ಆದ್ರೆ ಎದೆ ಡವಡವ ಅಂದದ್ದು ಕಾಲು ಗಂಟೆ ನಿಲ್ಲಲಿಲ್ಲ. ಆಮೇಲೆ ಇವರು ಉದ್ದ ಕೋಲಿನ ತುದಿಯಲ್ಲಿ ಇಕ್ಕಳ ಇರುವ ಸಾಮಾನು ತಂದುಕೊಟ್ರು, ಸರ್ಜಿಕಲ್ ಶಾಪಲ್ಲೇ ಸಿಗ್ತದೆ, ಬಿದ್ದದ್ದನ್ನು ನಿಂತಲ್ಲಿಂದಲೇ ಎತ್ಲಿಕ್ಕೆ.

ಆ ದಿನವೇ ಸಂಜೆ ಅಕ್ಕ ಬಂದದ್ದು, ಕುಂದಾಪುರದಿಂದ. ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ಚೀಲದಲ್ಲಿ ಕುಚ್ಚಲಕ್ಕಿ, ಹುರುಳಿ, ಮಿಡಿ ಉಪ್ಪಿನಕಾಯಿ, ಎರಡು ಬಾಟ್ಲಿ ತೆಂಗಿನೆಣ್ಣೆ ಕಾಯಿಸಿದ್ದು. ಅಕ್ಕನಿಗೆ ಆಸ್ಪತ್ರೆಯಿಂದ ಬಂದ ಹೆಂಗಸು ಅಂದ್ರೆ ಬಾಣಂತಿ ಇದ್ದ ಹಾಗೆ, ಮಲಗಿಸಬೇಕು, ಎಣ್ಣೆ ತಿಕ್ಕಬೇಕು, ಬಿಸಿ ಬಿಸಿ ಗಂಜಿ ಕೊಡಬೇಕು. ನಾನು ವಾಕರ್ ಹಿಡಿದ್ರೆ ಸಾಕು, "ಎಂತಕೆ ಏಳೂದು, ಸುಮ್ನೆ ಮನಿಕೋ" ಅಂತ ಒಳಗಿಂದಲೇ ಕೂಗು. ಗಂಜಿ ನನಗೆ ತುಂಬಾ ಬೇಕಿತ್ತು, ನೋವಿನ ಮಾತ್ರೆ, ಕಬ್ಬಿಣದ ಮಾತ್ರೆ ಎರಡೂ ಸೇರಿ ಹೊಟ್ಟೆ ಕಟ್ಟಿ ಹೋಗಿತ್ತು, ಗಂಜಿಯಿಂದ ಅದು ಸಡಿಲ ಆಯ್ತು. ಆದ್ರೆ ಎಣ್ಣೆ ತಿಕ್ಕುದು ಸಾಧ್ಯವೇ ಇಲ್ಲ. ಈ ಆಪರೇಷನ್ ಆದ ಮೇಲೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯ, ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದ್ರೆ ಜೀವಕ್ಕೇ ಅಪಾಯ. ಅದಕ್ಕೇ ರಕ್ತ ತೆಳು ಮಾಡುವ ಇಂಜೆಕ್ಷನ್, ಅದಕ್ಕೇ ಬಿಗಿ ಸ್ಟಾಕಿಂಗ್ಸ್, ಅದಕ್ಕೇ ಮಲಗಿದಲ್ಲೇ ಪಾದ ಮೇಲೆ ಕೆಳಗೆ ಆಡಿಸುದು, ಅದಕ್ಕೇ ನಡೆಯುದು. ಮಲಗಿದ್ರೆ ಅಪಾಯ ಜಾಸ್ತಿ.

ಇದನ್ನು ಅಕ್ಕನಿಗೆ ಹೇಳುದು ಹೇಗೆ. ನಾನು ಹೇಳಿದ್ರೆ ತಂಗಿ ಮಾತು. ಕೊನೆಗೆ ಮನೆಗೆ ಬರುವ ಫಿಸಿಯೋ ಹುಡುಗಿ ಹಿಂದಿಯಲ್ಲಿ ಹೇಳಿದ್ಲು, ಅಕ್ಕನಿಗೆ ಹಿಂದಿ ಬರುದಿಲ್ಲ, ನಾನು ನಡುವೆ ನಿಂತು ಕನ್ನಡ ಮಾಡಿದೆ. ಆ ಹುಡುಗಿ ಅಕ್ಕನ ಕೈ ಹಿಡಿದು ನನ್ನ ಹಿಂದೆ ನಿಲ್ಲಿಸಿ, ನಾನು ನಡೆಯುವಾಗ ಎಲ್ಲಿ ವಾಲ್ತೇನೆ ನೋಡಿ, ನೀವೇ ಹೇಳಬೇಕು ಅಂದ್ಲು. ಅಷ್ಟೇ ಸಾಕಾಯ್ತು. ಮರುದಿನದಿಂದ ಬೆಡ್‌ರೂಮಿಂದ ಗ್ಯಾಲರಿಗೆ ಹೋಗಿ ಬರುದಕ್ಕೆ 44 ಹೆಜ್ಜೆ ಅಂತ ಅಕ್ಕನೇ ಎಣಿಸಿ, ಪ್ರತಿ ಸುತ್ತಿಗೆ ಒಂದು ಹುರುಳಿ ಕಾಳು ಲೋಟಕ್ಕೆ ಹಾಕ್ಲಿಕ್ಕೆ ಶುರು ಮಾಡಿದ್ಲು. ಮೊದಲ ದಿನ ನಾಲ್ಕು ಕಾಳು. ಮೂರನೇ ವಾರದ ಕೊನೆಗೆ 20. ನೆಲದ ಕಾಲೊರಸುಗಳನ್ನೆಲ್ಲ ಎತ್ತಿಟ್ಟದ್ದು ಅವಳೇ, ಕೆಲಸದ ಬಾಯಿ ನೆಲ ಒರೆಸಿದ ಮೇಲೆ ಫ್ಯಾನ್ ಹಾಕಿ ಪೂರ್ತಿ ಒಣಗುವ ತನಕ ನನ್ನ ವಾಕರನ್ನು ದೂರ ಇಡುದೂ ಅವಳೇ.

ಸ್ಟಾಕಿಂಗ್ಸ್ ಬಗ್ಗೆ ಬರೀಬೇಕು ಅಂತಲೇ ನಾನು ಇದನ್ನು ಶುರು ಮಾಡಿದ್ದು.

ತೊಡೆ ತನಕ ಬರುವ ಬಿಳಿ ಬಿಗಿ ಸ್ಟಾಕಿಂಗ್ಸ್, ತುದಿಯಲ್ಲಿ ಬೆರಳು ಕಾಣ್ಲಿಕ್ಕೆ ತೂತು. ದಿನಕ್ಕೊಮ್ಮೆ ತೆಗೆದು ಕಾಲು ತೊಳೆದು, ಚರ್ಮ ನೋಡಿ, ಮತ್ತೆ ಹಾಕಬೇಕು. ನನ್ನ ಪಾದ ನನ್ನ ಕೈಗೆ ಸಿಗುದಿಲ್ಲ. ಇವರು ಹಾಕ್ತಿದ್ರು, ಆದ್ರೆ ಇವರ ಬೆರಳಿನ ಸಂದಿವಾತಕ್ಕೆ ಅದು ಎಳೀಲಿಕ್ಕೆ ಆಗುದಿಲ್ಲ, ಅಷ್ಟು ಬಿಗಿ. ಅಕ್ಕ ಬಂದ ಮಾರನೇ ದಿನ ಬೆಳಿಗ್ಗೆ ಒಂದು ಬೋಗುಣಿ ಬಿಸಿನೀರು, ಟವೆಲ್ ತಂದು ನನ್ನ ಕುರ್ಚಿಯ ಎದುರು ನೆಲದಲ್ಲಿ ಕೂತ್ಲು. ನಾನು ಕಾಲು ಹಿಂದೆ ತೆಗೆದೆ. ದೊಡ್ಡವರ ಕೈಗೆ ಕಾಲು ಕೊಡುದು ನಮ್ಮಲ್ಲಿ ಉಂಟಾ. ಗೊತ್ತಿಲ್ಲದೆ ಕಾಲು ತಾಗಿದ್ರೂ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವವರು ನಾವು, ಈಗ ಹಾಗೆ ಮುಟ್ಲಿಕ್ಕೂ ಬಗ್ಗುವ ಹಾಗಿಲ್ಲ. ಬೇಡ ಅಕ್ಕ, ಇವರು ಹಾಕ್ತಾರೆ ಅಂದೆ. ಅವಳು ತಲೆ ಎತ್ತಲೂ ಇಲ್ಲ. "ಸಣ್ಣವ್ಳಿದ್ದಾಗ ಗದ್ದೆ ಕೆಸ್ರಲ್ಲಿ ಓಡಿ ಬಂದ್ರೆ ನಿನ್ ಕಾಲ್ ತೊಳ್ದದ್ ಯಾರ್ ಹೇಳ್ ಕಾಂಬ?" ಅಂದ್ಲು.

ನಾನು ಕಾಲು ಕೊಟ್ಟೆ. ಪಾದ ಪೂರ್ತಿ ಊದಿತ್ತು, ಹಿಮ್ಮಡಿಯ ಹತ್ರ ನೇರಳೆ ಬಣ್ಣಕ್ಕೆ ತಿರುಗಿತ್ತು, ಸೊಂಟದಲ್ಲಿ ಕಟ್ಟಿದ ರಕ್ತ ದಿನ ಹೋದ ಹಾಗೆ ಕೆಳಗೆ ಇಳಿದು ಬರುದು ಅದು. ಅಕ್ಕ ಬೆರಳ ಸಂದಿ ಒಂದೊಂದೇ ಒರೆಸಿದ್ಲು. ಪಾದಕ್ಕೆ ಮೊದಲು ಒಂದು ತೆಳು ಪ್ಲಾಸ್ಟಿಕ್ ಚೀಲ ಹಾಕಿ, ಅದರ ಮೇಲೆ ಸ್ಟಾಕಿಂಗ್ಸ್ ಏರಿಸಿದ್ರೆ ಸರ್ರನೆ ಜಾರ್ತದೆ, ಹಿಮ್ಮಡಿ ದಾಟಿದ ಮೇಲೆ ಬೆರಳ ತೂತಿನಿಂದ ಚೀಲ ಎಳೆದು ತೆಗೆಯುದು. ಫಿಸಿಯೋ ಹುಡುಗಿ ಕಲಿಸಿದ್ದು ಅದು, ಅಕ್ಕ ಒಂದೇ ಸಲಕ್ಕೆ ಕಲ್ತಳು. ಆಮೇಲೆ ಮೊಣಕಾಲ ಹತ್ರ ಒಂದೂ ಸುಕ್ಕು ಇಲ್ಲದ ಹಾಗೆ ಅಂಗೈಯಿಂದ ಸವರಿ ಸವರಿ ಮೇಲೆ ತಂದ್ಲು, ಸುಕ್ಕಿದ್ರೆ ಅಲ್ಲೇ ಕಟ್ಟು ಬಿಗಿದ ಹಾಗಾಗ್ತದೆ. ಅವಳ ನೆತ್ತಿ ನನ್ನ ಕಣ್ಣೆದುರೇ ಇತ್ತು, ಬೈತಲೆಯಲ್ಲಿ ಕೂದಲು ಎಷ್ಟು ತೆಳುವಾಗಿದೆ ಅಂತ ಅವತ್ತೇ ನೋಡಿದ್ದು. ಮೂರು ವಾರ ದಿನಾ ಬೆಳಿಗ್ಗೆ ಹೀಗೆ.

ಇಂಜೆಕ್ಷನ್ ಇವರ ಪಾಲಿಗೆ. ಮೊದಲ ಎರಡು ವಾರ ದಿನಕ್ಕೊಂದು, ಹೊಟ್ಟೆಗೆ, ಹೊಕ್ಕುಳಿಂದ ಎರಡು ಇಂಚು ಬಿಟ್ಟು, ಒಂದು ದಿನ ಎಡಗಡೆ, ಒಂದು ದಿನ ಬಲಗಡೆ. ಚರ್ಮ ಚಿವುಟಿ ಹಿಡಿದು ನೇರ ಚುಚ್ಚುದು, ತೆಗೆದ ಮೇಲೆ ತಿಕ್ಕಬಾರದು. ಇವರಿಗೆ ಮೊದಲ ದಿನ ಕೈ ನಡುಗಿತು, ಮೂರನೇ ದಿನಕ್ಕೆ ಸರಿ ಆಯ್ತು. ಈಗ ಮಾತ್ರೆ, ಒಟ್ಟು 35 ದಿನ ಅಂತ ಬರೆದು ಕೊಟ್ಟಿದ್ದಾರೆ, ಇನ್ನು ಎರಡು ದಿನದ್ದು ಉಳಿದಿದೆ. 14ನೇ ದಿನ ಗಾಯಕ್ಕೆ ಹಾಕಿದ ಸ್ಟೇಪಲ್ ಪಿನ್ನು ತೆಗೆದ್ರು, ಅದು ನಾನು ಹೆದರಿದಷ್ಟು ಇರ್ಲಿಲ್ಲ.

ರಾತ್ರಿ ಕಷ್ಟ. ಅಂಗಾತ ಮಲಗಬೇಕು, ಎರಡು ಕಾಲಿನ ನಡುವೆ ದಪ್ಪ ದಿಂಬು. ನಾನು ಜೀವಮಾನ ಪೂರ್ತಿ ಬಲ ಮಗ್ಗುಲಲ್ಲಿ ಮುದುಡಿ ಮಲಗಿದವಳು. ಒಂದು ಗಂಟೆ ಕಳೆದ ಮೇಲೆ ಲೋಕಲ್ ಸದ್ದು ಕಮ್ಮಿ ಆಗ್ತದೆ, ನಾಲ್ಕರ ಹೊತ್ತಿಗೆ ಮತ್ತೆ ಶುರು, ಆ ನಡುವಿನ ಹೊತ್ತು ತುಂಬಾ ಉದ್ದ. ಹಾಗೆ ಎಚ್ಚರ ಇದ್ದಾಗಲೇ ಈ ಕೀಲಿನ ಕಥೆ ಓದಿದ್ದು. ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯ ಜಾನ್ ಚಾರ್ನ್ಲಿ ಅನ್ನುವ ಡಾಕ್ಟ್ರು ಮೊದಲು ಬಟ್ಟಲನ್ನು ಟೆಫ್ಲಾನಲ್ಲಿ ಮಾಡಿದ್ರಂತೆ, ನಮ್ಮ ನಾನ್‌ಸ್ಟಿಕ್ ತವಾದ ಅದೇ ಟೆಫ್ಲಾನ್, ಅದು ಕೆಲವೇ ವರ್ಷದಲ್ಲಿ ಸವೆದು ಹೋಗಿ ಎಷ್ಟೋ ಜನರಿಗೆ ಮತ್ತೆ ಕೊಯ್ಯಬೇಕಾಯ್ತು. ಅವರು ಅಲ್ಲಿಗೇ ಬಿಡ್ಲಿಲ್ಲ, ಗಟ್ಟಿ ಪಾಲಿಥೀನ್ ಹುಡುಕಿ 1962ರಲ್ಲಿ ಲೋಹದ ಗುಂಡು, ಪ್ಲಾಸ್ಟಿಕ್ ಬಟ್ಟಲು ಅಂತ ಶುರು ಮಾಡಿದ್ರು. ನನ್ನೊಳಗೆ ಇರುದು ಟೈಟಾನಿಯಂ ಕಡ್ಡಿ, ಸೆರಾಮಿಕ್ ಗುಂಡು, ಬಟ್ಟಲಿನ ಒಳಗೆ ಅದೇ ಪಾಲಿಥೀನಿನ ಈಗಿನ ರೂಪ. ಅಂಟಿಸ್ಲಿಕ್ಕೆ ಸಿಮೆಂಟ್ ಹಾಕ್ಲಿಲ್ಲ, ತೊಡೆ ಎಲುಬಿನೊಳಗೆ ಇಳಿಸಿದ ಆ ಕಡ್ಡಿಯ ಮೇಲ್ಮೈ ತರಿತರಿಯಾಗಿರ್ತದಂತೆ, ನನ್ನ ಎಲುಬೇ ಬೆಳೆದು ಅದನ್ನು ಹಿಡ್ಕೊಳ್ಬೇಕು. ನಡುರಾತ್ರಿ ಆ ಕಾಲಿನ ಮೇಲೆ ಕೈ ಇಟ್ಟು, ಒಳಗೆ ಎಲುಬು ಬೆಳೀತಾ ಉಂಟು ಅಂತ ನೆನೆಸಿದ್ರೆ ಸ್ವಲ್ಪ ಸಮಾಧಾನ ಆಗ್ತಿತ್ತು.

ಮೂರನೇ ವಾರ ಒಂದು ತಪ್ಪು ಮಾಡಿದೆ. ನೋವು ಕಮ್ಮಿ ಆಯ್ತು ಅಂತ ಒಂದು ಮಧ್ಯಾಹ್ನ ಅಕ್ಕ ನಿದ್ದೆ ಮಾಡಿದ್ದಾಗ ಅಡುಗೆಮನೆಯಲ್ಲಿ ನಿಂತು ನೀರುದೋಸೆ ಹೊಯ್ದೆ, ಒಂದು ಗಂಟೆ ನಿಂತಿರಬೇಕು, ಒಲೆಗೂ ಸಿಂಕಿಗೂ ತಿರುಗುವಾಗ ಹೆಜ್ಜೆ ಎತ್ತಿ ಇಡುವ ಬದಲು ಬಲಗಾಲಿನ ಮೇಲೇ ತಿರುಗಿದೆ ಎರಡು ಸಲ. ರಾತ್ರಿ ತೊಡೆ ಬಿಸಿ ಬಿಸಿ, ಊತ ಮೊದಲಿನ ವಾರದಷ್ಟೇ. ಡಾಕ್ಟ್ರಿಗೆ ಫೋನ್ ಮಾಡಿದ್ವಿ. ಮೀನಖಂಡದಲ್ಲಿ ಹಿಡಿದ ಹಾಗೆ ನೋವು ಉಂಟಾ, ಉಸಿರು ಕಟ್ತದಾ, ಎದೆ ನೋವು ಉಂಟಾ, ಜ್ವರ ಉಂಟಾ, ಗಾಯ ಸೋರ್ತದಾ, ಕಾಲು ಒಮ್ಮೆಗೇ ಗಿಡ್ಡ ಆದ ಹಾಗೆ ಕಾಣ್ತದಾ ಅಂತ ಒಂದೊಂದೇ ಕೇಳಿದ್ರು. ಯಾವುದೂ ಇಲ್ಲ ಅಂದ ಮೇಲೆ ಕಾಲು ಎತ್ತರಕ್ಕೆ ಇಡಿ, ಐಸ್ ಇಡಿ, ಎರಡು ದಿನ ಸುತ್ತು ಅರ್ಧ ಮಾಡಿ ಅಂದ್ರು. ಡಾಕ್ಟ್ರು ಕೇಳಿದ ಆ ತೊಂದರೆಗಳಲ್ಲಿ ಯಾವುದಾದ್ರೂ ಒಂದು ಇದ್ರೆ ಕಾಯಬಾರದು, ರಾತ್ರಿಯಾದ್ರೂ ಹೊರಡಬೇಕು. ನಾನು ಆ ಪ್ರಶ್ನೆಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದೇನೆ, ಇವರಿಗೂ ಓದ್ಲಿಕ್ಕೆ ಆಗುವ ಹಾಗೆ.

ಅಕ್ಕ ಮೊನ್ನೆ ಹೊರಟಳು, ಅವಳಿಗೂ ಮನೆ ಉಂಟು, ನಾಟಿ ಮುಗಿದ ಮೇಲೆ ಆಳುಗಳ ಲೆಕ್ಕ ಮಾಡ್ಲಿಕ್ಕೆ ಬಾಕಿ. ಥಾಣೆಯಿಂದ ಮತ್ಸ್ಯಗಂಧ ರೈಲು. ನಮ್ಮ ಮನೆಯಲ್ಲಿ ಯಾರೇ ಹೊರಟ್ರೂ ಚಿಕ್ಕವರು ಕಾಲಿಗೆ ಬಿದ್ದೇ ಕಳಿಸುದು. ಬಾಗಿಲ ಹತ್ರ ವಾಕರ್ ಹಿಡ್ಕೊಂಡು ನಿಂತಿದ್ದೆ, ಒಂದು ಕೈ ಬಿಡ್ಲಿಕ್ಕೂ ಧೈರ್ಯ ಇಲ್ಲ, ಅವಳಿಗೆ ನಮಸ್ಕಾರ ಮಾಡುದು ಹೇಗೆ. ಅವಳೇ ಹತ್ರ ಬಂದು ನನ್ನ ತಲೆ ಮೇಲೆ ಕೈ ಇಟ್ಲು, "ಬಗ್ಬೇಡ, ಡಾಕ್ಟ್ರ್ ಬೈತ್ರ್" ಅಂದ್ಲು, ಕಣ್ಣು ಒರೆಸಿಕೊಂಡು ಮೆಟ್ಟಿಲು ಇಳಿದ್ಲು. ಹುರುಳಿ ಕಾಳಿನ ಲೋಟ ಗ್ಯಾಲರಿ ಬಾಗಿಲ ಹತ್ರವೇ ಇಟ್ಟು ಹೋಗಿದ್ದಾಳೆ. ತುಳಸಿ ಕುಂಡ ನೆಲದಲ್ಲಿರ್ಲಿಲ್ಲ, ಹಳೇ ಹೊಲಿಗೆ ಮೆಷಿನಿನ ಮೇಲೆ ಏರಿತ್ತು, ಯಾವಾಗ ಎತ್ತಿಟ್ಟದ್ದೋ.

ಈಗ ಸ್ಟಾಕಿಂಗ್ಸ್ ಹಾಕ್ಲಿಕ್ಕೆ ಪಕ್ಕದ ಕಾಕು ಬರ್ತಾರೆ, ಬೆಳಿಗ್ಗೆ ಎಂಟಕ್ಕೆ. ಬರುವ ವಾರ ಆರು ವಾರದ ಎಕ್ಸ್‌ರೇ. ಕೇಳಬೇಕಾದ್ದನ್ನು ಒಂದು ಚೀಟಿಯಲ್ಲಿ ಬರೀತಾ ಇದ್ದೇನೆ, ವಾಕರ್ ಬಿಟ್ಟು ಕೋಲು ಯಾವಾಗ, ಕೋಲು ಎಡಗೈಯಲ್ಲೇ ಅಲ್ವಾ, ಮಗ್ಗುಲಾಗಿ ಯಾವಾಗ ಮಲಗಬಹುದು, ಕುಂದಾಪುರಕ್ಕೆ ರೈಲಲ್ಲಿ ಅಷ್ಟು ಹೊತ್ತು ಕೂತು ಹೋಗ್ಲಿಕ್ಕೆ ಆಗ್ತದಾ. ನವರಾತ್ರಿಗೆ ಬಾ ಅಂತ ಅಕ್ಕ ನಿನ್ನೆ ಫೋನಲ್ಲಿ ಹೇಳಿದ್ದಾಳೆ, ಮನೆಯ ಕಮೋಡ್ ಎಷ್ಟು ಇಂಚು ಅಂತ ಅಳೆದೂ ಇಟ್ಟಿದ್ದಾಳಂತೆ. ಐದು ಗಂಟೆ ಆಯ್ತು, ಇವರು ವಾಕರ್ ತಂದು ಪಕ್ಕ ನಿಲ್ಲಿಸಿದ್ರು, ಇವತ್ತಿನದ್ದು ಇನ್ನೂ ಆರು ಕಾಳು ಬಾಕಿ ಉಂಟು.